ಮೈಕ್ರೋಬಯಾಲಜಿ ಪ್ರೊಫೆಸರ್ ಆದ್ಮೇಲೆ ಪಾಠ, ಸ್ಟೂಡೆಂಟ್ಸ್, ರಿಸರ್ಚ್ ಮೂರನ್ನೂ ಒಂದೇ ಕೆಲಸವಾಗಿ ಕಟ್ಟೋದು ಹೇಗೆ: ಸಮಗ್ರ ಮಾರ್ಗದರ್ಶಿ

ಪಿಎಚ್‌ಡಿ ಆಯ್ತು, ಪೋಸ್ಟ್‌ಡಾಕ್ ಆಯ್ತು, ಈಗ ಕೈಗೆ ಒಂದು ಖಾಲಿ ಲ್ಯಾಬ್, ಒಂದು ಟೈಮ್‌ಟೇಬಲ್, ಹೊಸ ಸ್ಟೂಡೆಂಟ್ಸ್ ಪಟ್ಟಿ ಬಂದಿದೆ ಅಂದ್ಕೊಳ್ಳಿ. ಈ ಘಟ್ಟದಲ್ಲಿ ಬಹಳ ಜನ ವಾರವನ್ನ ಮೂರು ತುಂಡು ಮಾಡ್ತಾರೆ, ಇಷ್ಟು ಗಂಟೆ ಕ್ಲಾಸಿಗೆ, ಇಷ್ಟು ಸ್ಟೂಡೆಂಟ್ಸ್‌ಗೆ, ಉಳಿದಿದ್ದು ರಿಸರ್ಚ್‌ಗೆ ಅಂತ, ಆಮೇಲೆ ಒಂದರ ಟೈಮನ್ನ ಇನ್ನೊಂದು ಕಿತ್ಕೊಳ್ತಾ ಹೋಗುತ್ತೆ, ಕೊನೆಗೆ ಮೂರರಲ್ಲೂ ಅರೆಬರೆ. ನಾನು ಹೇಳೋದು ಬೇರೆ ದಾರಿ. ನಮ್ಮ ವಿಷಯಕ್ಕೆ ಒಂದು ದೊಡ್ಡ ಅನುಕೂಲ ಇದೆ: ಡಿಗ್ರಿ ಸ್ಟೂಡೆಂಟ್ ಮೊದಲ ಸೆಮಿಸ್ಟರಲ್ಲಿ ಕಲಿಯೋ ಕೈಕೆಲಸ, ಅಂದ್ರೆ ಸ್ಟ್ರೀಕ್ ಮಾಡೋದು (ಬ್ಯಾಕ್ಟೀರಿಯಾವನ್ನ ಪ್ಲೇಟ್ ಮೇಲೆ ಗೆರೆ ಎಳೆದು ಬಿಡಿಬಿಡಿ ಮಾಡೋದು), ಡೈಲ್ಯೂಷನ್ ಮಾಡೋದು (ಹಂತ ಹಂತವಾಗಿ ತೆಳು ಮಾಡೋದು), ಕಾಲೊನಿ (ಪ್ಲೇಟ್ ಮೇಲೆ ಬ್ಯಾಕ್ಟೀರಿಯಾ ಬೆಳೆದ ಚುಕ್ಕೆ) ಎಣಿಸೋದು, ಇದೇ ಕೈಕೆಲಸ ದೊಡ್ಡ ರಿಸರ್ಚ್ ಲ್ಯಾಬಲ್ಲೂ ದಿನಾ ನಡೆಯುತ್ತೆ. ಹಾಗಾಗಿ ಪ್ರಾಕ್ಟಿಕಲ್ ಕ್ಲಾಸಿನ ಬೆಂಚು, ರಿಸರ್ಚ್ ಬೆಂಚು ಎರಡರ ಮಧ್ಯೆ ಇರೋ ಗೋಡೆಯನ್ನ ನಾವೇ ಕಟ್ಟಿರೋದು, ನಾವೇ ಕೆಡವ್ಬಹುದು. ಹೇಗೆ ಅಂತ ಹಂತ ಹಂತವಾಗಿ ಬರೀತೀನಿ.

ಹಂತ 1: ಪ್ರಶ್ನೆ ಮತ್ತು ಜೀವಿ ಆರಿಸಿಕೊಳ್ಳಿ

ಮೊದಲು ಪಿಎಚ್‌ಡಿ ಗೈಡ್ ಹತ್ರ, ಪೋಸ್ಟ್‌ಡಾಕ್ ಗೈಡ್ ಹತ್ರ ಕೂತು ಸ್ಪಷ್ಟವಾಗಿ ಮಾತಾಡಿ: ಯಾವ ಸ್ಟ್ರೈನ್ (ಜೀವಿಯ ಒಂದು ನಿರ್ದಿಷ್ಟ ತಳಿ) ತಗೊಂಡು ಹೋಗ್ತೀನಿ, ಯಾವ ಪ್ರಶ್ನೆ ನಂದು, ಯಾವುದು ನಿಮ್ಮಲ್ಲೇ ಉಳಿಯುತ್ತೆ ಅಂತ. ಮಾತಾದ ಮೇಲೆ ಇಮೇಲಲ್ಲಿ ಹಾಕ್ಬಿಡಿ. ಸಂಕೋಚ ಬೇಡ, ಇದನ್ನ ಆಮೇಲೆ ಮಾತಾಡೋಣ ಅಂತ ಬಿಟ್ಟೋರಿಗೆ ಮೊದಲ ಪೇಪರ್ ಬರೆಯೋ ಹೊತ್ತಿಗೆ ಅದೇ ತಲೆನೋವಾಗುತ್ತೆ.

ಜೀವಿ ಆರಿಸೋವಾಗ ನಾನು ಮೂರು ವಿಷಯ ನೋಡಿ ಅಂತೀನಿ. ಡಿಗ್ರಿ ಸ್ಟೂಡೆಂಟ್ ಕೈಗೆ ಧೈರ್ಯವಾಗಿ ಕೊಡೋಕಾಗುತ್ತಾ, ಅಂದ್ರೆ ಬಯೋಸೇಫ್ಟಿ ಲೆವೆಲ್ 1ರಲ್ಲೇ (ಅಪಾಯ ಅತೀ ಕಡಿಮೆ ಇರೋ ಜೀವಿಗಳ ಸುರಕ್ಷತಾ ಮಟ್ಟ) ಕೆಲಸ ಆಗುತ್ತಾ? ಒಂದೆರಡು ದಿನದಲ್ಲಿ ಬೆಳೆಯುತ್ತಾ, ಯಾಕಂದ್ರೆ ಒಂದು ಸೆಮಿಸ್ಟರಲ್ಲಿ ಸ್ಟೂಡೆಂಟ್‌ಗೆ ಎರಡು ಮೂರು ಸಲವಾದ್ರೂ ಎಕ್ಸ್‌ಪೆರಿಮೆಂಟ್ ಪುನಃ ಮಾಡೋ ಅವಕಾಶ ಸಿಗ್ಬೇಕು. ಮತ್ತೆ ಪ್ರಶ್ನೆ ಒಂದು ಉತ್ತರಕ್ಕೆ ಮುಗಿದು ಹೋಗದೆ ಮರಿ ಹಾಕುತ್ತಾ? ರೋಗಕಾರಕಗಳ ಮೇಲೆ ಕೆಲಸ ಮಾಡಬಾರದು ಅಂತಲ್ಲ, ಮಾಡಿ, ಆದ್ರೆ ಪಕ್ಕದಲ್ಲಿ ಒಂದು ಅಪಾಯವಿಲ್ಲದ ಜೀವಿಯ ಪ್ರಾಜೆಕ್ಟ್ ಇಟ್ಕೊಳ್ಳಿ. ಹೊಸ ಸ್ಟೂಡೆಂಟ್ಸ್ ಬರೋ ಬಾಗಿಲು ಅದೇ ಆಗಿರುತ್ತೆ.

ಪ್ರಶ್ನೆ "ಉಪಯುಕ್ತ" ಅನ್ನಿಸ್ಬೇಕು ಅಂತ ಬಹಳ ಒತ್ತಡ ಇರುತ್ತೆ. ಅದಕ್ಕೆ ನನಗೆ ಇಷ್ಟವಾದ ಉದಾಹರಣೆ ಥಾಮಸ್ ಬ್ರಾಕ್ ಅವರದ್ದು. ಅಮೆರಿಕದ ಯೆಲ್ಲೋಸ್ಟೋನ್ ಬಿಸಿನೀರಿನ ಬುಗ್ಗೆಗಳಲ್ಲಿ ಅಷ್ಟು ಶಾಖದಲ್ಲೂ ಯಾವ ಜೀವಿ ಬದುಕಿರುತ್ತೆ ಅನ್ನೋ ಕುತೂಹಲ ಅಷ್ಟೇ ಅವರಿಗಿದ್ದಿದ್ದು. 1966ರಲ್ಲಿ ತಗೊಂಡ ಸ್ಯಾಂಪಲ್‌ನಿಂದ ಥರ್ಮಸ್ ಅಕ್ವಾಟಿಕಸ್ ಅನ್ನೋ ಬ್ಯಾಕ್ಟೀರಿಯಾ ಬಂತು, 1969ರಲ್ಲಿ ಪೇಪರ್ ಬಂತು, ಆ ಪೇಪರಿನ ಎರಡನೇ ಲೇಖಕ ಹಡ್ಸನ್ ಫ್ರೀಜ್ ಆಗ ಇನ್ನೂ ಡಿಗ್ರಿ ಸ್ಟೂಡೆಂಟ್. ಮುಂದೆ ಆ ಬ್ಯಾಕ್ಟೀರಿಯಾದ್ದೇ ಟ್ಯಾಕ್ ಪಾಲಿಮರೇಸ್ ಎಂಜೈಮ್ ಪಿಸಿಆರ್ (ಡಿಎನ್‌ಎ ತುಣುಕನ್ನ ಕೋಟಿಗಟ್ಟಲೆ ನಕಲು ಮಾಡೋ ವಿಧಾನ) ಅನ್ನ ಜಗತ್ತಿನ ಪ್ರತಿ ಲ್ಯಾಬಿಗೂ ತಂತು. ಒಬ್ಬ ಪ್ರೊಫೆಸರ್, ಒಬ್ಬ ಡಿಗ್ರಿ ಹುಡುಗ, ಒಂದು ಸರಳ ಪ್ರಶ್ನೆ. ಗ್ರಾಂಟ್ ಅರ್ಜಿಯಲ್ಲಿ ಉಪಯೋಗದ ಬಗ್ಗೆ ಬರೀರಿ, ಬರೀಲೇಬೇಕು, ಆದ್ರೆ ಮನಸ್ಸಿನ ಒಳಗಿರೋ ಪ್ರಶ್ನೆ ಕುತೂಹಲದ್ದೇ ಆಗಿರಲಿ.

ಹಂತ 2: ಮೆಷಿನ್‌ಗಿಂತ ಮೊದಲು ಸ್ಟಾಕ್

ಲ್ಯಾಬ್ ಶುರು ಮಾಡೋವಾಗ ಎಲ್ಲರ ಕಣ್ಣೂ ಮೈಕ್ರೋಸ್ಕೋಪು, ಸೀಕ್ವೆನ್ಸರ್ ಮೇಲೆ. ನನ್ನ ಪ್ರಕಾರ ಮೊದಲು ಬೇಕಾಗಿರೋದು ಮೈನಸ್ 80 ಡಿಗ್ರಿ ಫ್ರೀಜರ್ ಮತ್ತೆ ಅದರೊಳಗೆ ಏನಿದೆ ಅನ್ನೋದರ ಸರಿಯಾದ ಲೆಕ್ಕ. ಯಾವ ಸ್ಟ್ರೈನ್ ಬಂದ್ರೂ ಮೊದಲು ಸ್ಟ್ರೀಕ್ ಮಾಡಿ ಒಂಟಿ ಕಾಲೊನಿ ತೆಗೀರಿ, ಗ್ರಾಂ ಸ್ಟೇನ್ (ಬಣ್ಣ ಹಾಕಿ ಬ್ಯಾಕ್ಟೀರಿಯಾವನ್ನ ಎರಡು ಗುಂಪಾಗಿ ವಿಂಗಡಿಸೋ ವಿಧಾನ) ನೋಡಿ, 16ಎಸ್ ಜೀನ್ (ಬ್ಯಾಕ್ಟೀರಿಯಾ ಗುರುತಿಸೋಕೆ ಬಳಸೋ ಜೀನ್) ಸೀಕ್ವೆನ್ಸ್ ಮಾಡಿಸಿ ಅದು ಹೇಳಿದ ಜೀವಿಯೇ ಹೌದಾ ಅಂತ ಖಾತ್ರಿ ಮಾಡ್ಕೊಳ್ಳಿ, ಆಮೇಲೆ 15ರಿಂದ 25 ಪರ್ಸೆಂಟ್ ಗ್ಲಿಸರಾಲಲ್ಲಿ ಫ್ರೀಜ್ ಮಾಡಿ. ಎರಡು ಸೆಟ್ ಮಾಡಿ ಎರಡು ಬೇರೆ ಫ್ರೀಜರಲ್ಲಿ ಇಡಿ. ನಂಬರ್ ಕೊಡಿ, ಬಂದ ತಾರೀಖು, ಕೊಟ್ಟವರು, ಜೀನೋಟೈಪ್, ಬೆಳೆಸೋ ಮೀಡಿಯಾ, ಎಲ್ಲ ಒಂದೇ ಪಟ್ಟಿಯಲ್ಲಿ. ಮುಚ್ಚಳದ ಮೇಲೆ "ಹೊಸ ಸ್ಟ್ರೈನ್ ಬಿ" ಅಂತ ಮಾರ್ಕರಲ್ಲಿ ಬರೆದಿರೋ ಟ್ಯೂಬ್ ಮೂರು ವರ್ಷ ಆದ್ಮೇಲೆ ಯಾರಿಗೂ ಉಪಯೋಗಕ್ಕೆ ಬರಲ್ಲ.

ಪ್ಲೇಟಿಂದ ಪ್ಲೇಟಿಗೆ ವಾರವಾರ ದಾಟಿಸ್ತಾ ಇಟ್ಕೊಳ್ಳೋ ಅಭ್ಯಾಸ ಮೊದಲ ದಿನದಿಂದ್ಲೇ ಬಿಡಿಸ್ಬೇಕು. ಬ್ಯಾಕ್ಟೀರಿಯಾ ನಾವು ನೋಡ್ತಾ ಇರೋವಾಗ್ಲೇ ಬದಲಾಗ್ತಾ ಇರುತ್ತೆ. ಬ್ಯಾಸಿಲಸ್ ಸಬ್ಟಿಲಿಸ್ 168 ಅನ್ನೋ ಹೆಸರುವಾಸಿ ಸ್ಟ್ರೈನ್ ಲ್ಯಾಬಲ್ಲಿ ಪಳಗಿ ಪಳಗಿ, ಕಾಡು ಸ್ಟ್ರೈನ್‌ಗಳು ಕಟ್ಟೋ ಗಟ್ಟಿ ಬಯೋಫಿಲ್ಮ್ (ಒಟ್ಟಿಗೆ ಅಂಟಿಕೊಂಡು ಬೆಳೆಯೋ ಪದರ) ಕಟ್ಟೋ ಶಕ್ತಿಯನ್ನೇ ಕಳ್ಕೊಂಡಿದೆ. ಹಾಗೇ ಸ್ಟಾಕ್ ಸರಿಯಾಗಿ ಇಟ್ರೆ ಏನು ಸಾಧ್ಯ ಅನ್ನೋಕೆ ರಿಚರ್ಡ್ ಲೆನ್ಸ್ಕಿ ಅವರ ಕೆಲಸ ನೋಡಿ. 1988ರ ಫೆಬ್ರವರಿಯಲ್ಲಿ ಇ. ಕೋಲೈದ 12 ಫ್ಲಾಸ್ಕ್ ಶುರು ಮಾಡಿದ್ರು, ದಿನಾ ಹೊಸ ಮೀಡಿಯಾಕ್ಕೆ ದಾಟಿಸ್ತಾ, ಪ್ರತಿ 500 ತಲೆಮಾರಿಗೊಮ್ಮೆ ಫ್ರೀಜ್ ಮಾಡ್ತಾ ಬಂದ್ರು. ಸುಮಾರು 31,500ನೇ ತಲೆಮಾರಿನ ಹೊತ್ತಿಗೆ ಒಂದು ಫ್ಲಾಸ್ಕಲ್ಲಿ ಆಕ್ಸಿಜನ್ ಇದ್ರೂ ಸಿಟ್ರೇಟ್ ತಿನ್ನೋ ಬ್ಯಾಕ್ಟೀರಿಯಾ ಹುಟ್ಟಿಕೊಳ್ತು, ಇ. ಕೋಲೈ ಸಾಮಾನ್ಯವಾಗಿ ಆ ಕೆಲಸ ಮಾಡಲ್ಲ. ಇದು ಅಕಸ್ಮಾತ್ ಆಗಿದ್ದಾ ಅಥವಾ ಮೊದಲೇ ಯಾವುದೋ ಮ್ಯುಟೇಷನ್ (ಡಿಎನ್‌ಎ ಬದಲಾವಣೆ) ದಾರಿ ಮಾಡಿಕೊಟ್ಟಿತ್ತಾ ಅಂತ ಅವರ ಸ್ಟೂಡೆಂಟ್ ಝಾಕರಿ ಬ್ಲೌಂಟ್ ಹಳೇ ಫ್ರೀಜರ್ ಟ್ಯೂಬ್‌ಗಳನ್ನ ಮತ್ತೆ ಎಬ್ಬಿಸಿ, ವಿಕಾಸವನ್ನ ಹಿಂದಕ್ಕೆ ಓಡಿಸಿ ಪುನಃ ನಡೆಸಿ ನೋಡಿದ್ರು. ಫ್ರೀಜರ್ ಇಲ್ದಿದ್ರೆ ಆ ಪ್ರಶ್ನೆ ಕೇಳೋಕೇ ಆಗ್ತಿರ್ಲಿಲ್ಲ.

ಆಟೋಕ್ಲೇವ್ (ಒತ್ತಡದ ಹಬೆಯಲ್ಲಿ ಸೂಕ್ಷ್ಮಜೀವಿಗಳನ್ನ ಕೊಲ್ಲೋ ಯಂತ್ರ) ಬಗ್ಗೆ ಒಂದು ಮಾತು: 121 ಡಿಗ್ರಿ, 15 ನಿಮಿಷ ಅಂತ ಎಲ್ಲರಿಗೂ ಬಾಯಿಪಾಠ, ಆದ್ರೆ ಎರಡು ಲೀಟರ್ ಫ್ಲಾಸ್ಕಿನ ನಡುಭಾಗಕ್ಕೆ ಆ ಶಾಖ ತಲುಪೋಕೆ ಇನ್ನೂ ಟೈಮ್ ಬೇಕು, ಮತ್ತೆ ಆಟೋಕ್ಲೇವ್ ಟೇಪ್ ಮೇಲೆ ಕಪ್ಪು ಗೆರೆ ಬಂದ್ರೆ ಬಿಸಿ ತಗುಲಿದೆ ಅಂತ ಅರ್ಥ, ಸ್ಟೆರೈಲ್ ಆಗಿದೆ ಅಂತ ಅಲ್ಲ. ಶಾಖಕ್ಕೆ ಸುಲಭವಾಗಿ ಸಾಯದ ಜಿಯೋಬ್ಯಾಸಿಲಸ್ ಸ್ಟೀರೋಥರ್ಮೋಫಿಲಸ್ ಬ್ಯಾಕ್ಟೀರಿಯಾದ ಸ್ಪೋರ್ ಟೆಸ್ಟ್ ನಿಯಮಿತವಾಗಿ ಮಾಡಿಸಿ, ಆ ಕೆಲಸ ಸ್ಟೂಡೆಂಟ್‌ಗೇ ಕೊಡಿ. ಪಾಠಕ್ಕೆ ಪಾಠ, ಲ್ಯಾಬಿಗೆ ಲಾಭ.

ಹಂತ 3: ಪ್ರಾಕ್ಟಿಕಲ್ ಕ್ಲಾಸನ್ನ ನೀವೇ ತಗೊಳ್ಳಿ

ಥಿಯರಿ ನಾನು ತಗೋತೀನಿ, ಪ್ರಾಕ್ಟಿಕಲ್ ಅಸಿಸ್ಟೆಂಟ್ ನೋಡ್ಕೊಳ್ಳಲಿ ಅನ್ನೋದು ದೊಡ್ಡ ನಷ್ಟ. ಯಾರ ಕೈ ನಿಧಾನ ಆದ್ರೂ ಅಚ್ಚುಕಟ್ಟು, ಯಾರು ಬಂದ ರಿಸಲ್ಟನ್ನ ಬಂದ ಹಾಗೇ ಬರೀತಾರೆ, ಯಾರು ಪಕ್ಕದವರ ಪ್ಲೇಟ್ ನೋಡಿ ತಮ್ಮ ನಂಬರ್ ತಿದ್ದುತ್ತಾರೆ, ಇದೆಲ್ಲ ಬೆಂಚ್ ಹತ್ರ ನಿಂತ್ರೆ ಮಾತ್ರ ಕಾಣ್ಸುತ್ತೆ, ಮಾರ್ಕ್ಸ್ ಕಾರ್ಡಲ್ಲಿ ಕಾಣಲ್ಲ.

ಗ್ರಾಂ ಸ್ಟೇನನ್ನೇ ತಗೊಳ್ಳಿ. ಹಾನ್ಸ್ ಕ್ರಿಶ್ಚಿಯನ್ ಗ್ರಾಂ 1884ರಲ್ಲಿ ಪ್ರಕಟಿಸಿದ ವಿಧಾನ ಇವತ್ತಿಗೂ ಮೊದಲ ವಾರದ ಪಾಠ. ಕ್ರಿಸ್ಟಲ್ ವಯಲೆಟ್ ಒಂದು ನಿಮಿಷ, ಅಯೋಡಿನ್ ಒಂದು ನಿಮಿಷ, ಆಲ್ಕೋಹಾಲಲ್ಲಿ ಬಣ್ಣ ಇಳಿಯೋದು ನಿಲ್ಲೋವರೆಗೂ ಕೆಲವೇ ಸೆಕೆಂಡ್, ಕೊನೆಗೆ ಸ್ಯಾಫ್ರನಿನ್. ಎಲ್ಲ ಎಡವಟ್ಟೂ ಆಗೋದು ಆ ಕೆಲವು ಸೆಕೆಂಡಲ್ಲಿ. ಹಾಗಾಗಿ ಒಂದೇ ಸ್ಲೈಡಿನ ಮೇಲೆ ಮೂರು ಸ್ಮಿಯರ್ ಹಾಕಿಸಿ: ಒಂದು ಕಡೆ ಗೊತ್ತಿರೋ ಗ್ರಾಂ ಪಾಸಿಟಿವ್ (ನೇರಳೆ ಉಳಿಯೋದು), ಇನ್ನೊಂದು ಕಡೆ ಗ್ರಾಂ ನೆಗೆಟಿವ್ (ಗುಲಾಬಿ ಆಗೋದು) ಇ. ಕೋಲೈ, ಮಧ್ಯೆ ಗೊತ್ತಿಲ್ಲದ ಸ್ಯಾಂಪಲ್. ಎರಡು ಬದಿಯ ಕಂಟ್ರೋಲ್ ಸರಿ ಬಂದ್ರೆ ಮಾತ್ರ ಮಧ್ಯದ್ದನ್ನ ನಂಬಬೇಕು. ಆಮೇಲೆ ಬೇಕಂತಲೇ ಹಳೇ ಬ್ಯಾಸಿಲಸ್ ಕಲ್ಚರ್ ಕೊಡಿ, ಅದು ಅರ್ಧ ನೇರಳೆ ಅರ್ಧ ಗುಲಾಬಿ ಕಾಣ್ಸುತ್ತೆ, ಸ್ಟೂಡೆಂಟ್ ಗಲಿಬಿಲಿಯಾಗ್ತಾರೆ, ಆಗ ಕೋಶಗೋಡೆ ವಯಸ್ಸಾದ್ಮೇಲೆ ಹಾಳಾಗಿ ಬಣ್ಣ ಬಿಟ್ಟುಕೊಡುತ್ತೆ, ಅದಕ್ಕೇ 18ರಿಂದ 24 ಗಂಟೆಯ ಎಳೇ ಕಲ್ಚರ್ ಬೇಕು ಅನ್ನೋದು ತಲೆಗೆ ಹತ್ತುತ್ತೆ. ಪುಸ್ತಕದಲ್ಲಿ ಓದಿದ್ರೆ ಹತ್ತಲ್ಲ.

ಎಣಿಕೆ ಕಲಿಸೋವಾಗ್ಲೂ ಹೀಗೇ. ಒಂದು ಲಕ್ಷ ಪಟ್ಟು ತೆಳು ಮಾಡಿದ ಕಲ್ಚರಿಂದ 0.1 ಮಿಲಿ ಲೀಟರ್ ಹರಡಿ 150 ಕಾಲೊನಿ ಬಂದ್ರೆ, ಮೂಲದಲ್ಲಿ ಮಿಲಿ ಲೀಟರ್‌ಗೆ 15 ಕೋಟಿ. ಈ ಲೆಕ್ಕ ಎಲ್ಲರೂ ಮಾಡ್ತಾರೆ. ಆದ್ರೆ 30ಕ್ಕಿಂತ ಕಡಿಮೆ, 300ಕ್ಕಿಂತ ಜಾಸ್ತಿ ಇದ್ರೆ ಯಾಕೆ ನಂಬಲ್ಲ ಅಂತ ಕೇಳಿ. ಇಡೀ ಕ್ಲಾಸಿನ ಪ್ಲೇಟ್ ನಂಬರ್‌ಗಳನ್ನ ಬೋರ್ಡ್ ಮೇಲೆ ಬರೆಸಿ, ಒಂದೇ ಟ್ಯೂಬಿಂದ ತಗೊಂಡಿದ್ರೂ ಎಷ್ಟು ಚದುರಿದೆ ನೋಡಿ ಅಂತ ತೋರಿಸಿ. ಸ್ಟ್ಯಾಟಿಸ್ಟಿಕ್ಸ್ ಯಾಕೆ ಬೇಕು ಅಂತ ಆಮೇಲೆ ಯಾರೂ ಕೇಳಲ್ಲ. ಮಾರ್ಕ್ಸ್ ಕೊಡೋದು ಸರಿ ಉತ್ತರಕ್ಕಲ್ಲ, ನೋಟ್‌ಬುಕ್ ನೋಡಿ ಇನ್ನೊಬ್ಬರು ಅದೇ ಕೆಲಸ ಮಾಡೋಕಾಗುತ್ತಾ ಅನ್ನೋದಕ್ಕೆ. ಸರಿ ಉತ್ತರಕ್ಕೇ ಮಾರ್ಕ್ಸ್ ಕೊಟ್ರೆ ಡೇಟಾ ತಿದ್ದೋದನ್ನ ನಾವೇ ಹೇಳಿಕೊಟ್ಟ ಹಾಗೆ, ಇದನ್ನ ಎಷ್ಟು ಗಟ್ಟಿಯಾಗಿ ಹೇಳಿದ್ರೂ ಸಾಲದು.

ಹಂತ 4: ಥಿಯರಿ ಕ್ಲಾಸಲ್ಲಿ "ಅದು ಹೇಗೆ ಗೊತ್ತಾಯ್ತು" ಅನ್ನೋದನ್ನ ಹೇಳಿ

ಮೈಕ್ರೋಬಯಾಲಜಿ ಸಿಲಬಸ್ ಹೆಸರುಗಳ ಸಮುದ್ರ. ಅದನ್ನೆಲ್ಲ ಓದಿ ಹೇಳ್ತಾ ಹೋದ್ರೆ ಸೆಮಿಸ್ಟರ್ ಮುಗಿಯುತ್ತೆ, ಏನೂ ಉಳಿಯಲ್ಲ. ಪ್ರತಿ ಯೂನಿಟ್‌ಗೆ ಒಂದು ಎಕ್ಸ್‌ಪೆರಿಮೆಂಟ್ ಹಿಡ್ಕೊಂಡು ಆಳಕ್ಕೆ ಹೋಗಿ.

ಉದಾಹರಣೆಗೆ ಆಂಟಿಬಯೋಟಿಕ್ ಪ್ರತಿರೋಧ. ಕ್ಲಾಸ್ ಶುರುವಾಗೋಕೆ ಮುಂಚೆ ಚೀಟಿಯಲ್ಲಿ ಬರೆಸಿ: ಔಷಧಿ ಬ್ಯಾಕ್ಟೀರಿಯಾವನ್ನ ಬದಲಾಯಿಸುತ್ತಾ, ಇಲ್ಲ ಮೊದಲೇ ಬದಲಾಗಿರೋದನ್ನ ಉಳಿಸುತ್ತಾ? ಬಹಳಷ್ಟು ಜನ ಮೊದಲನೇದು ಬರೀತಾರೆ. ಈಗ 1943ರ ಲೂರಿಯಾ ಮತ್ತು ಡೆಲ್‌ಬ್ರುಕ್ ಎಕ್ಸ್‌ಪೆರಿಮೆಂಟ್ ಹೇಳಿ. ಅವರು ಉಪಯೋಗಿಸಿದ್ದು ಔಷಧಿ ಅಲ್ಲ, ಬ್ಯಾಕ್ಟೀರಿಯಾವನ್ನ ಕೊಲ್ಲೋ ವೈರಸ್, ಅಂದ್ರೆ ಫೇಜ್. ಫೇಜ್ ತಗುಲಿದ ಮೇಲೆ ಪ್ರತಿರೋಧ ಹುಟ್ಟೋದಾದ್ರೆ, ಬೇರೆ ಬೇರೆ ಸಣ್ಣ ಟ್ಯೂಬಲ್ಲಿ ಬೆಳೆಸಿದ ಕಲ್ಚರ್‌ಗಳಲ್ಲೆಲ್ಲ ಬದುಕುಳಿಯೋರ ಸಂಖ್ಯೆ ಹೆಚ್ಚುಕಮ್ಮಿ ಒಂದೇ ಇರಬೇಕು. ಮೊದಲೇ ಆಕಸ್ಮಿಕವಾಗಿ ಮ್ಯುಟೇಷನ್ ಆಗ್ತಾ ಇದ್ರೆ, ಬೇಗ ಮ್ಯುಟೇಷನ್ ಆದ ಟ್ಯೂಬಲ್ಲಿ ನೂರಾರು, ತಡವಾಗಿ ಆದ ಟ್ಯೂಬಲ್ಲಿ ಒಂದೆರಡು, ಕೆಲವದ್ರಲ್ಲಿ ಸೊನ್ನೆ. ಬಂದಿದ್ದು ಎರಡನೇ ಥರ. ಇದನ್ನ ಬರೀ ಹೇಳ್ಬೇಡಿ, ಮಾಡಿಸಿ: ಅಪಾಯವಿಲ್ಲದ ಲ್ಯಾಬ್ ಇ. ಕೋಲೈ ಸ್ಟ್ರೈನ್ ಅನ್ನ 20 ಸಣ್ಣ ಟ್ಯೂಬಲ್ಲಿ ಬೆಳೆಸಿ, ರಿಫಾಂಪಿಸಿನ್ ಅನ್ನೋ ಆಂಟಿಬಯೋಟಿಕ್ ಇರೋ ಪ್ಲೇಟ್ ಮೇಲೆ ಹಾಕಿಸಿ, ಪಕ್ಕದಲ್ಲಿ ಒಂದೇ ದೊಡ್ಡ ಕಲ್ಚರಿಂದ 20 ಪ್ಲೇಟ್. ಎರಡು ಸಾಲು ನಂಬರ್ ಎದುರು ಬದುರು ಬರೆದಾಗ ಸ್ಟೂಡೆಂಟ್ಸ್ ತಾವಾಗೇ ಉತ್ತರ ಹೇಳ್ತಾರೆ. ಪ್ಲೇಟ್ ಎಲ್ಲ ಆಟೋಕ್ಲೇವ್ ಆಗಿಯೇ ಹೊರಗೆ ಹೋಗ್ಬೇಕು, ಅದು ಬೇರೆ ಹೇಳ್ಬೇಕಾಗಿಲ್ಲ.

ಕಾಕ್‌ನ ನಿಯಮಗಳನ್ನ (ರೋಗಕ್ಕೆ ಇದೇ ಜೀವಿ ಕಾರಣ ಅಂತ ಸಾಬೀತು ಮಾಡೋ ಕ್ರಮ, ಜೀವಿಯನ್ನ ಶುದ್ಧವಾಗಿ ಬೆಳೆಸೋದೂ ಅದರಲ್ಲಿ ಒಂದು) ಹೇಳೋವಾಗ ಹೊಟ್ಟೆ ಹುಣ್ಣಿಗೆ ಕಾರಣವಾಗೋ ಹೆಲಿಕೋಬ್ಯಾಕ್ಟರ್ ಪೈಲೋರಿ ತಗೊಳ್ಳಿ. 1982ರಲ್ಲಿ ಬ್ಯಾರಿ ಮಾರ್ಷಲ್ ಅವರ ಪ್ಲೇಟ್‌ಗಳು ರಜೆಯ ಕಾರಣಕ್ಕೆ ಎರಡು ದಿನಕ್ಕಿಂತ ಜಾಸ್ತಿ ಇನ್‌ಕ್ಯುಬೇಟರಲ್ಲೇ ಉಳಿದಾಗ ಕಾಲೊನಿ ಕಾಣಿಸ್ತು, ಅದಕ್ಕೆ ಮುಂಚೆ ಎರಡು ದಿನಕ್ಕೇ ಎಸೀತಾ ಇದ್ರು. ಮಾರ್ಷಲ್ ಮತ್ತೆ ರಾಬಿನ್ ವಾರೆನ್‌ಗೆ 2005ರಲ್ಲಿ ನೊಬೆಲ್ ಬಂತು. ಇದನ್ನ ಅದೃಷ್ಟದ ಕಥೆ ಮಾಡ್ಬೇಡಿ, ನಿಧಾನವಾಗಿ ಬೆಳೆಯೋ ಜೀವಿಗೆ ಟೈಮ್ ಕೊಡ್ಬೇಕು ಅನ್ನೋ ವಿಧಾನದ ಪಾಠ ಮಾಡಿ.

ಪರೀಕ್ಷೆಯಲ್ಲಿ ಗ್ರಾಫ್ ಕೊಟ್ಟು ಇದರಿಂದ ಏನು ಹೇಳ್ಬಹುದು, ಏನು ಹೇಳೋಕಾಗಲ್ಲ, ಯಾವ ಕಂಟ್ರೋಲ್ ಇಲ್ಲ ಅಂತ ಕೇಳಿ. ತಿದ್ದೋಕೆ ಕಷ್ಟ ಆಗುತ್ತೆ, ಆದ್ರೂ ಅದೇ ಸರಿ.

ಹಂತ 5: ಕ್ಲಾಸಿನ ಬೆಂಚಿಂದಲೇ ರಿಸರ್ಚ್ ಡೇಟಾ ತೆಗೀರಿ

ಇಡೀ ಮಾರ್ಗದರ್ಶಿಯಲ್ಲಿ ನನಗೆ ಅತೀ ಮುಖ್ಯ ಅನ್ನಿಸೋದು ಇದು. ಗ್ರಹಾಂ ಹ್ಯಾಟ್‌ಫುಲ್ ಅವರ ಜೊತೆ 2008ರಲ್ಲಿ ಶುರುವಾದ ಸೀ-ಫೇಜಸ್ ಕೋರ್ಸಲ್ಲಿ ಮೊದಲ ವರ್ಷದ ಸ್ಟೂಡೆಂಟ್ಸ್ ಮಣ್ಣಿಂದ ಹೊಸ ಫೇಜ್ ಹುಡುಕಿ, ಹೆಸರಿಟ್ಟು, ಜೀನೋಮ್ ಓದ್ತಾರೆ. ಜೋ ಹ್ಯಾಂಡಲ್ಸ್‌ಮನ್ ಶುರು ಮಾಡಿದ ಟೈನಿ ಅರ್ಥ್‌ನಲ್ಲಿ ಮಣ್ಣಿನ ಬ್ಯಾಕ್ಟೀರಿಯಾಗಳಲ್ಲಿ ಹೊಸ ಆಂಟಿಬಯೋಟಿಕ್ ಹುಡುಕ್ತಾರೆ, ಅಪಾಯಕಾರಿ ರೋಗಕಾರಕಗಳ ಬದಲು ಅವುಗಳ ಸುರಕ್ಷಿತ ಸಂಬಂಧಿಗಳನ್ನ ಟೆಸ್ಟಿಗೆ ಬಳಸ್ತಾರೆ. ಎರಡರಲ್ಲೂ ಸ್ಟೂಡೆಂಟ್‌ಗೂ ಗೊತ್ತಿಲ್ಲ, ಟೀಚರ್‌ಗೂ ಗೊತ್ತಿಲ್ಲ, ಉತ್ತರ ನಿಜವಾಗ್ಲೂ ಹುಡುಕ್ಬೇಕು.

ನಿಮ್ಮದೇ ಕೋರ್ಸ್ ಹೀಗೆ ಮಾಡ್ಕೊಳ್ಳಿ. ಮೊದಲ ಮೂರು ವಾರ ಕೈಕೆಲಸ ಮತ್ತೆ ಸುರಕ್ಷತೆ. ನಾಲ್ಕನೇ ವಾರ ಪ್ರತಿಯೊಬ್ಬರೂ ಮಣ್ಣಿನ ಸ್ಯಾಂಪಲ್ ತಂದು ಡೈಲ್ಯೂಷನ್ ಪ್ಲೇಟ್, ಎರಡು ಬೇರೆ ಮೀಡಿಯಾದಲ್ಲಿ. ಆಮೇಲೆ ಎರಡು ವಾರ ಶುದ್ಧ ಕಲ್ಚರ್ ಮಾಡೋಕೆ, ಇದಕ್ಕೆ ಅವಸರ ಮಾಡಿದ್ರೆ ಮುಂದಿನದ್ದೆಲ್ಲ ದಂಡ. ಶುದ್ಧ ಆದ ತಕ್ಷಣ ಫ್ರೀಜರ್ ಸ್ಟಾಕ್, ನಂಬರ್, ಪಟ್ಟಿಯಲ್ಲಿ ಸ್ಟೂಡೆಂಟ್ ಹೆಸರು. ಮುಂದೆ ನಿಮ್ಮ ಲ್ಯಾಬಿನ ಪ್ರಶ್ನೆ ಏನಿದೆಯೋ ಆ ಟೆಸ್ಟ್: ಫಾಸ್ಫೇಟ್ ಕರಗಿಸುತ್ತಾ, ಬೇರೆ ಜೀವಿಯನ್ನ ತಡೆಯುತ್ತಾ, ಬಯೋಫಿಲ್ಮ್ ಕಟ್ಟುತ್ತಾ. ಕೊನೆಗೆ 16ಎಸ್ ಸೀಕ್ವೆನ್ಸ್ ಮತ್ತೆ ಪೋಸ್ಟರ್.

ಎರಡು ಎಚ್ಚರಿಕೆ. ಮಣ್ಣಿಂದ ಬಂದಿದ್ದು ಏನು ಅಂತ ಗೊತ್ತಿಲ್ಲ, ಹಾಗಾಗಿ ಗುರುತು ಸಿಗೋವರೆಗೂ ಅದನ್ನ ರೋಗಕಾರಕ ಇರಬಹುದು ಅಂತಲೇ ಹಿಡೀಬೇಕು, ಪ್ಲೇಟ್ ಸೀಲ್ ಆಗಿರ್ಬೇಕು, ಫಂಗಸ್ ಬಂದಿರೋ ಪ್ಲೇಟ್ ಬೆಂಚ್ ಮೇಲೆ ತೆರೆಯೋ ಹಾಗಿಲ್ಲ, 37 ಡಿಗ್ರಿಯಲ್ಲಿ ಬೆಳೆಸೋ ಅಗತ್ಯ ಇಲ್ದಿದ್ರೆ ಕಡಿಮೆ ಟೆಂಪರೇಚರಲ್ಲೇ ಬೆಳೆಸಿ. ಇನ್ನೊಂದು, ಒಬ್ಬ ಸ್ಟೂಡೆಂಟ್ ಒಂದು ಸಲ ತೆಗೆದ ರಿಸಲ್ಟನ್ನ ಪೇಪರಿಗೆ ಹಾಕ್ಬಾರ್ದು, ಬೇರೆಯವರು ಫ್ರೀಜರ್ ಸ್ಟಾಕಿಂದ ಶುರು ಮಾಡಿ ಪುನಃ ಅದೇ ರಿಸಲ್ಟ್ ತೆಗೆದ ಮೇಲೆ ಮಾತ್ರ. ಮುಂದಿನ ಬ್ಯಾಚಿನ ಮೊದಲ ಪ್ರಾಕ್ಟಿಕಲ್ ಅದೇ ಆಗ್ಬಹುದು.

ಹಂತ 6: ಲ್ಯಾಬಿಗೆ ಬಂದ ಸ್ಟೂಡೆಂಟನ್ನ ಬೆಳೆಸೋದು

ಮೊದಲ ದಿನವೇ ಒಂದು ಪುಟದ ಒಪ್ಪಂದ ಬರ್ಕೊಳ್ಳಿ: ವಾರಕ್ಕೆ ಎಷ್ಟು ಹೊತ್ತು, ಯಾವಾಗ ಮೀಟಿಂಗ್, ನೋಟ್‌ಬುಕ್ ಎಲ್ಲಿ ಇರುತ್ತೆ, ರಜೆ ಹೇಗೆ, ಪೇಪರಲ್ಲಿ ಹೆಸರು ಬರೋಕೆ ಏನು ಮಾಡ್ಬೇಕು, ಮತ್ತೆ ನನ್ನಿಂದ ಅವರು ಏನು ನಿರೀಕ್ಷಿಸ್ಬಹುದು. ಈ ಕೊನೇದನ್ನ ಬಹಳ ಪ್ರೊಫೆಸರ್‌ಗಳು ಬರೆಯೋದೇ ಇಲ್ಲ. ಡ್ರಾಫ್ಟ್ ಕೊಟ್ರೆ ಎಷ್ಟು ದಿನದಲ್ಲಿ ತಿದ್ದಿ ಕೊಡ್ತೀನಿ ಅಂತ ಬರೀರಿ, ಬರೆದ ಮೇಲೆ ಅದಕ್ಕೆ ಬದ್ಧರಾಗಿರಿ.

ಹೊಸಬರಿಗೆ ಎರಡು ಪ್ರಾಜೆಕ್ಟ್ ಕೊಡಿ, ಒಂದು ಖಂಡಿತ ಏನಾದ್ರೂ ರಿಸಲ್ಟ್ ಕೊಡೋದು, ಇನ್ನೊಂದು ಆಗ್ಲೂಬಹುದು ಬಿಡ್ಲೂಬಹುದು ಅನ್ನೋ ಥರದ್ದು. ಬರೀ ಎರಡನೇ ಥರದ್ದು ಕೊಟ್ರೆ ಸ್ಟೂಡೆಂಟ್ ಕುಗ್ಗಿ ಹೋಗ್ತಾರೆ, ಬರೀ ಮೊದಲನೇದು ಕೊಟ್ರೆ ಬೆಳೆಯಲ್ಲ.

ವಾರದ ಮೀಟಿಂಗ್ ತಪ್ಪಿಸ್ಬೇಡಿ, ಅರ್ಧ ಗಂಟೆ ಸಾಕು. ಸ್ಲೈಡ್ ಬೇಡ, ಪ್ಲೇಟ್ ತರೋಕೆ ಹೇಳಿ. ಪ್ಲೇಟ್ ಕೈಯಲ್ಲಿ ಹಿಡಿದು ನೋಡಿದ್ರೆ ಸಿಗೋ ಮಾಹಿತಿ ಫೋಟೋದಲ್ಲಿ ಸಿಗಲ್ಲ, ಅಂಚಿನಲ್ಲಿ ಬೇರೆ ಆಕಾರದ ಒಂದು ಕಾಲೊನಿ, ಮಧ್ಯದಲ್ಲಿ ತಿಳಿಯಾದ ವೃತ್ತ, ಇಂಥದ್ದೆಲ್ಲ. ಎಕ್ಸ್‌ಪೆರಿಮೆಂಟ್ ಕೆಟ್ಟಾಗ ಕೇಳೋ ಪ್ರಶ್ನೆಯ ಕ್ರಮ ಮುಖ್ಯ: ಮೊದಲು ಕಂಟ್ರೋಲ್ ಪ್ಲೇಟ್ ಏನು ಹೇಳುತ್ತೆ, ಆಮೇಲೆ ಮೀಡಿಯಾದ ಬ್ಯಾಚ್ ಯಾವುದು, ಆಮೇಲೆ ಸ್ಟಾಕ್ ಯಾವ ಟ್ಯೂಬಿಂದ, ಆಮೇಲೆ ಟೆಂಪರೇಚರ್. "ನೀನು ಏನು ಮಾಡಿದೆ" ಅನ್ನೋದು ಮೊದಲ ಪ್ರಶ್ನೆ ಆಗ್ಲೇಬಾರ್ದು. ಅದು ಮೊದಲ ಪ್ರಶ್ನೆ ಆಗಿರೋ ಲ್ಯಾಬಲ್ಲಿ ಸ್ಟೂಡೆಂಟ್ಸ್ ಕೆಟ್ಟ ಪ್ಲೇಟನ್ನ ಮುಚ್ಚಿಡೋಕೆ ಕಲೀತಾರೆ, ಮುಚ್ಚಿಟ್ಟ ಪ್ಲೇಟಲ್ಲಿ ಹೊಸ ವಿಷಯ ಇದ್ರೂ ನಿಮಗೆ ಗೊತ್ತಾಗಲ್ಲ.

ಈಗ ಹೆಸರಿನ ವಿಷಯ, ಇದರಲ್ಲಿ ನನಗೆ ತುಂಬಾ ಕಾಳಜಿ ಇದೆ. 1943ರಲ್ಲಿ ಸ್ಟ್ರೆಪ್ಟೋಮೈಸಿನ್ ಅನ್ನೋ ಆಂಟಿಬಯೋಟಿಕ್ ಸಿಕ್ಕಿದ್ದು ಸೆಲ್ಮನ್ ವಾಕ್ಸ್‌ಮನ್ ಲ್ಯಾಬಲ್ಲಿ, ಬೆಂಚ್ ಕೆಲಸ ಮಾಡಿದ್ದು ಅವರ ಪಿಎಚ್‌ಡಿ ಸ್ಟೂಡೆಂಟ್ ಆಲ್ಬರ್ಟ್ ಶಾಟ್ಜ್. 1944ರ ಪೇಪರಲ್ಲಿ ಶಾಟ್ಜ್ ಹೆಸರೇ ಮೊದಲು, ಮಧ್ಯೆ ಎಲಿಜಬೆತ್ ಬೂಗಿ, ಕೊನೆಗೆ ವಾಕ್ಸ್‌ಮನ್. ಆದ್ರೆ ಹೆಸರು, ರಾಯಲ್ಟಿ ಎಲ್ಲ ಒಂದೇ ಕಡೆ ಹರಿದಾಗ 1950ರಲ್ಲಿ ಶಾಟ್ಜ್ ತನ್ನ ಗುರುವಿನ ಮೇಲೆ ಕೇಸ್ ಹಾಕ್ಬೇಕಾಯ್ತು, ರಾಜಿಯಲ್ಲಿ ಅವರನ್ನ ಸಹ ಸಂಶೋಧಕ ಅಂತ ಒಪ್ಪಿಕೊಂಡ್ರು, ಆದ್ರೂ 1952ರ ನೊಬೆಲ್ ವಾಕ್ಸ್‌ಮನ್ ಒಬ್ಬರಿಗೇ ಬಂತು. ವಾಕ್ಸ್‌ಮನ್ ದೊಡ್ಡ ವಿಜ್ಞಾನಿ, ಹುಡುಕೋ ವಿಧಾನವನ್ನ ವರ್ಷಗಟ್ಟಲೆ ಕಟ್ಟಿದವರು ಅವರೇ, ಅದರಲ್ಲಿ ಅನುಮಾನ ಇಲ್ಲ. ಆದ್ರೆ ಗುರು ಶಿಷ್ಯರ ಸಂಬಂಧ ಹಾಗೆ ಮುರಿದು ಹೋಗಿದ್ದು ಎಂಥ ನಷ್ಟ. ಎಸ್ತರ್ ಲೆಡರ್‌ಬರ್ಗ್ ಲ್ಯಾಂಬ್ಡಾ ಫೇಜ್ ಕಂಡುಹಿಡಿದವರು, ರೆಪ್ಲಿಕಾ ಪ್ಲೇಟಿಂಗ್ (ಒಂದು ಪ್ಲೇಟಿನ ಕಾಲೊನಿಗಳನ್ನ ಅದೇ ಜಾಗದಲ್ಲಿ ಇನ್ನೊಂದು ಪ್ಲೇಟಿಗೆ ಅಚ್ಚೊತ್ತೋದು) ವಿಧಾನ ಗಂಡ ಜೋಶುವಾ ಜೊತೆ ರೂಪಿಸಿದವರು, ಅವರ ಹೆಸರು ಎಷ್ಟೋ ಕ್ಲಾಸಲ್ಲಿ ಬರೋದೇ ಇಲ್ಲ.

ಹಾಗಾಗಿ ಪ್ರಾಜೆಕ್ಟ್ ಶುರುವಾಗೋವಾಗ ಒಂದು ಸಲ, ಡೇಟಾ ಬಂದಾಗ ಒಂದು ಸಲ, ಬರೆಯೋಕೆ ಕೂತಾಗ ಒಂದು ಸಲ, ಯಾರು ಏನು ಮಾಡಿದ್ರು, ಹೆಸರಿನ ಕ್ರಮ ಏನು ಅಂತ ಎಲ್ಲರೂ ಕೂತು ಮಾತಾಡಿ. ಕೆಲಸ ಬದಲಾದ್ರೆ ಕ್ರಮ ಬದಲಾಗುತ್ತೆ ಅಂತಲೂ ಮೊದಲೇ ಹೇಳಿ. ಕ್ಲಾಸಲ್ಲಿ ಡೇಟಾ ತೆಗೆದ ಡಿಗ್ರಿ ಸ್ಟೂಡೆಂಟ್ ಹೆಸರು ಕೈಬಿಡ್ಬೇಡಿ, ಲೇಖಕರ ಪಟ್ಟಿಗೆ ಬರೋಷ್ಟು ಕೆಲಸ ಇಲ್ದಿದ್ರೆ ಕೃತಜ್ಞತೆಯಲ್ಲಿ ಹೆಸರು ಹಿಡಿದು ಬರೀರಿ.

ಸ್ಟೂಡೆಂಟ್ ಬೇರೆ ದಾರಿ ಹಿಡಿದ್ರೆ, ಅಂದ್ರೆ ಕಂಪನಿ, ಆಸ್ಪತ್ರೆ ಲ್ಯಾಬ್, ಶಾಲೆ, ವಿಜ್ಞಾನ ಬರವಣಿಗೆ, ಅದನ್ನ ಸೋಲು ಅಂತ ನೋಡೋ ಪ್ರೊಫೆಸರ್ ಆಗ್ಬೇಡಿ. ಮೊದಲ ವರ್ಷದಿಂದ್ಲೇ ಮುಂದೇನು ಅಂತ ಕೇಳ್ತಾ ಇರಿ, ಅದಕ್ಕೆ ಬೇಕಾದ ಕೌಶಲ ಪ್ರಾಜೆಕ್ಟಲ್ಲೇ ಸೇರಿಸಿ. ಪೋಸ್ಟ್‌ಡಾಕ್ ಹೊರಟ್ರೆ ಅವರು ಕಟ್ಟಿದ ಪ್ರಶ್ನೆಯಲ್ಲಿ ಒಂದು ಭಾಗ ಅವರ ಜೊತೆ ಕಳಿಸಿಕೊಡಿ, ಹಂತ 1ರಲ್ಲಿ ನಿಮಗೆ ಏನು ಬೇಕಾಗಿತ್ತೋ ಅವರಿಗೂ ಈಗ ಅದೇ ಬೇಕು.

ಹಂತ 7: ಪೇಪರ್ ಮತ್ತು ಗ್ರಾಂಟ್

ಇದರ ಬಗ್ಗೆ ಸಲಹೆ ಎಲ್ಲ ಕಡೆ ಸಿಗುತ್ತೆ, ಎರಡೇ ಮಾತು ಹೇಳ್ತೀನಿ. ಪೇಪರ್‌ನ ಚಿತ್ರಗಳನ್ನ ಮೊದಲು ಜೋಡಿಸಿ, ಖಾಲಿ ಚೌಕಗಳನ್ನೂ ಬರೆದು, ಲ್ಯಾಬ್ ಗೋಡೆಗೆ ಅಂಟಿಸಿ, ಯಾವ ಎಕ್ಸ್‌ಪೆರಿಮೆಂಟ್ ಬಾಕಿ ಅಂತ ಎಲ್ಲರಿಗೂ ಕಾಣ್ಲಿ. ಗ್ರಾಂಟಲ್ಲಿ ಪಾಠದ ಭಾಗವನ್ನ ಕೊನೇ ಪ್ಯಾರಾದಲ್ಲಿ ಅಲಂಕಾರಕ್ಕೆ ಬರೀಬೇಡಿ, ಹಂತ 5ರ ಕೋರ್ಸ್ ಇದ್ರೆ ಅದೇ ನಿಮ್ಮ ರಿಸರ್ಚ್ ವಿಧಾನದ ಭಾಗ, ಎಷ್ಟು ಐಸೊಲೇಟ್ (ಬೇರ್ಪಡಿಸಿದ ಶುದ್ಧ ಕಲ್ಚರ್) ಬಂತು, ಎಷ್ಟು ಪುನಃ ಪರೀಕ್ಷೆ ಆಯ್ತು ಅಂತ ನಂಬರ್ ಸಮೇತ ಹಾಕಿ. ರಿಜೆಕ್ಟ್ ಆದ ಅರ್ಜಿಯ ರಿವ್ಯೂವನ್ನ ಪಿಎಚ್‌ಡಿ ಸ್ಟೂಡೆಂಟ್ಸ್ ಜೊತೆ ಕೂತು ಓದಿ, ಅದಕ್ಕಿಂತ ಒಳ್ಳೇ ಬರವಣಿಗೆ ಪಾಠ ಇಲ್ಲ.

ಹಂತ 8: ವಾರವನ್ನ ಬ್ಯಾಕ್ಟೀರಿಯಾದ ಗಡಿಯಾರಕ್ಕೆ ಹೊಂದಿಸಿ

ಒಳ್ಳೇ ಮೀಡಿಯಾದಲ್ಲಿ ಇ. ಕೋಲೈ ಸುಮಾರು 20 ನಿಮಿಷಕ್ಕೆ ಎರಡಾಗುತ್ತೆ, ಮಣ್ಣಿನ ಬ್ಯಾಕ್ಟೀರಿಯಾ ಸ್ಟ್ರೆಪ್ಟೋಮೈಸಿಸ್ ಸ್ಪೋರ್ ಬಿಡೋಕೆ ವಾರ ಬೇಕು. ಜೀವಿ ಯಾವುದು ಅನ್ನೋದರ ಮೇಲೆ ಯಾವ ದಿನ ಇನಾಕ್ಯುಲೇಟ್, ಯಾವ ದಿನ ಓದೋದು ಅಂತ ನಿಗದಿ ಮಾಡಿ, ಕ್ಲಾಸ್ ಟೈಮ್‌ಟೇಬಲ್ ಮಾಡೋರ ಹತ್ರ ಮುಂಚೆನೇ ಮಾತಾಡಿ ಪ್ರಾಕ್ಟಿಕಲ್ ಎರಡು ದಿನದ ಅಂತರದಲ್ಲಿ ಬರೋ ಹಾಗೆ ಮಾಡ್ಸಿ, ಇಲ್ದಿದ್ರೆ ರಜೆ ದಿನ ಪ್ಲೇಟ್ ತೆಗೆಯೋಕೆ ಯಾರಾದ್ರೂ ಬರ್ಬೇಕಾಗುತ್ತೆ, ಬರೋದು ಯಾವಾಗ್ಲೂ ಸ್ಟೂಡೆಂಟೇ. ಬರವಣಿಗೆಗೆ ಬೆಳಗ್ಗೆ ಎರಡು ಗಂಟೆ ಬಾಗಿಲು ಹಾಕಿ. ಉಳಿದ ಹೊತ್ತು ಬಾಗಿಲು ತೆಗೆದಿರಲಿ.

ಹಂತ 9: ಮಧ್ಯ ವಯಸ್ಸಿನ ಕೆಲಸಗಳು

ಹತ್ತು ಹದಿನೈದು ವರ್ಷ ಆದ್ಮೇಲೆ ಕಮಿಟಿ, ರಿವ್ಯೂ, ಶಿಫಾರಸು ಪತ್ರ ಎಲ್ಲ ಒಟ್ಟಿಗೆ ಬರುತ್ತೆ. ಇದರಲ್ಲಿ ಶಿಫಾರಸು ಪತ್ರಕ್ಕೆ ಅತೀ ಹೆಚ್ಚು ಟೈಮ್ ಕೊಡಿ ಅಂತೀನಿ, ಒಬ್ಬರ ಮುಂದಿನ ಹತ್ತು ವರ್ಷ ಅದರ ಮೇಲೆ ನಿಂತಿರುತ್ತೆ. "ಶ್ರಮಜೀವಿ, ಬುದ್ಧಿವಂತ" ಅಂತ ಬರೆದ್ರೆ ಏನೂ ಹೇಳಿದ ಹಾಗಲ್ಲ. ಕಂಟ್ರೋಲ್ ಪ್ಲೇಟಲ್ಲಿ ಬಂದ ಒಂದು ಕಾಲೊನಿಯನ್ನ ಬಿಡದೆ ಹಿಂಬಾಲಿಸಿ ಮೀಡಿಯಾ ಬಾಟಲ್‌ನ ಸಮಸ್ಯೆ ಹಿಡಿದ ಸ್ಟೂಡೆಂಟ್ ಅಂತ ಬರೆದ್ರೆ ಓದೋರಿಗೆ ಮನುಷ್ಯ ಕಾಣ್ತಾರೆ. ಇದಕ್ಕೆ ಪ್ರತಿ ಸ್ಟೂಡೆಂಟ್ ಬಗ್ಗೆ ಆಗಾಗ ಒಂದೆರಡು ಸಾಲು ನೋಟ್ ಮಾಡಿಟ್ಕೊಳ್ಳಿ.

ಹಾಗೇ ವರ್ಷಕ್ಕೊಂದು ಸಲವಾದ್ರೂ ನೀವೇ ಬೆಂಚಿಗೆ ಹೋಗಿ ಒಂದು ಹೊಸ ಟೆಕ್ನಿಕ್ ಕಲೀರಿ, ಕಲಿಸೋದು ನಿಮ್ಮ ಸ್ಟೂಡೆಂಟೇ ಆಗಿರಲಿ. ಪಾಠ ಹೇಗೆ ಪರಂಪರೆ ಕಟ್ಟುತ್ತೆ ಅನ್ನೋಕೆ ನೆದರ್ಲೆಂಡ್ಸ್‌ನ ಡೆಲ್ಫ್ಟ್ ನೋಡಿ: ಅಲ್ಲಿನ ಮೈಕ್ರೋಬಯಾಲಜಿ ಪ್ರೊಫೆಸರ್ ಬೈಯರಿಂಕ್ ಜಾಗಕ್ಕೆ 1921ರಲ್ಲಿ ಕ್ಲೂವರ್ ಬಂದ್ರು, ಕ್ಲೂವರ್ ಸ್ಟೂಡೆಂಟ್ ಫಾನ್ ನೀಲ್ ಕ್ಯಾಲಿಫೋರ್ನಿಯಾದ ಹಾಪ್ಕಿನ್ಸ್ ಮರೈನ್ ಸ್ಟೇಷನ್‌ಗೆ ಹೋಗಿ ಬೇಸಿಗೆ ಕೋರ್ಸ್ ನಡೆಸಿದ್ರು, ಆ ಕೋರ್ಸಿಂದ ರೋಜರ್ ಸ್ಟೇನಿಯರ್ ಥರದವರು ಬಂದ್ರು. ಎನ್‌ರಿಚ್‌ಮೆಂಟ್ ಕಲ್ಚರ್ (ಬೇಕಾದ ಥರದ ಜೀವಿಗೆ ಮಾತ್ರ ಅನುಕೂಲವಾಗೋ ಮೀಡಿಯಾದಲ್ಲಿ ಬೆಳೆಸೋದು) ಹಾಕೋದು, ಏನು ಬೆಳೀತು ಅಂತ ಕಾಯೋದು, ಯಾಕೆ ಅದೇ ಬೆಳೀತು ಅಂತ ವಾದ ಮಾಡೋದು, ಈ ಒಂದು ಅಭ್ಯಾಸ ಕೈಯಿಂದ ಕೈಗೆ ದಾಟಿ ಬಂತು.

ಹಂತ 10: ಬಿಟ್ಟು ಹೋಗೋ ತಯಾರಿ

ನಿವೃತ್ತಿಗೆ ಐದು ವರ್ಷ ಇರೋವಾಗ್ಲೇ ಶುರು ಮಾಡಿ. ಲೆನ್ಸ್ಕಿ ಅವರ 12 ಫ್ಲಾಸ್ಕ್‌ಗಳು 2022ರಲ್ಲಿ ಜೆಫ್ರಿ ಬ್ಯಾರಿಕ್ ಅವರ ಲ್ಯಾಬಿಗೆ ಹೋದ್ವು, ಬ್ಯಾರಿಕ್ ಹಿಂದೆ ಲೆನ್ಸ್ಕಿ ಜೊತೆ ಪೋಸ್ಟ್‌ಡಾಕ್ ಮಾಡಿದವರು, ಎಕ್ಸ್‌ಪೆರಿಮೆಂಟ್ ಇನ್ನೂ ನಡೀತಾ ಇದೆ. ಎಲ್ಲರಿಗೂ ಅಂಥ ಉತ್ತರಾಧಿಕಾರಿ ಸಿಗಲ್ಲ, ಆದ್ರೆ ಸ್ಟ್ರೈನ್‌ಗಳಿಗೆ ಮನೆ ಹುಡುಕ್ಬಹುದು. ಬ್ರಾಕ್ ಥರ್ಮಸ್ ಅಕ್ವಾಟಿಕಸ್ ಅನ್ನ ಸಾರ್ವಜನಿಕ ಕಲ್ಚರ್ ಕಲೆಕ್ಷನ್‌ಗೆ (ಜೀವಿಗಳನ್ನ ಕಾಪಾಡಿ ಕೇಳಿದವರಿಗೆ ಕೊಡೋ ಸಂಸ್ಥೆ) ಕೊಟ್ಟಿದ್ರು, ಪಿಸಿಆರ್ ಕೆಲಸ ಮಾಡ್ತಿದ್ದವರಿಗೆ ಆ ಬ್ಯಾಕ್ಟೀರಿಯಾ ಸಿಕ್ಕಿದ್ದು ಅಲ್ಲಿಂದಲೇ. ಹೊಸ ಪ್ರಭೇದ ಅಂತ ಅಧಿಕೃತವಾಗಿ ಹೆಸರಿಡ್ಬೇಕಂದ್ರೆ ಎರಡು ಬೇರೆ ದೇಶಗಳ ಕಲೆಕ್ಷನ್‌ಗಳಲ್ಲಿ ಅದನ್ನ ಇಡಲೇಬೇಕು ಅನ್ನೋ ನಿಯಮ ಇದೆ, ಆದ್ರೆ ಹೆಸರಿಡದ ಸ್ಟ್ರೈನ್‌ಗಳನ್ನೂ, ಮ್ಯುಟೆಂಟ್‌ಗಳನ್ನೂ ಮುಖ್ಯವಾದವನ್ನ ಆರಿಸಿ ಕೊಡಿ.

ಪಟ್ಟಿ ತೆಗೆದು ಮೂರು ಗುಂಪು ಮಾಡಿ: ಪೇಪರಲ್ಲಿ ಬಂದಿರೋದು, ಪೇಪರಲ್ಲಿ ಬರದೇ ಇದ್ರೂ ಬೇರೆ ಕಡೆ ಸಿಗದೇ ಇರೋದು, ಎಲ್ಲ ಕಡೆ ಸಿಗೋದು. ಮೊದಲ ಎರಡು ಗುಂಪಿನ ಪ್ರತಿ ಟ್ಯೂಬನ್ನ ಎಬ್ಬಿಸಿ, ಬದುಕಿದೆಯಾ, ಶುದ್ಧ ಇದೆಯಾ ನೋಡಿ ಹೊಸ ಸ್ಟಾಕ್ ಮಾಡಿಸಿ, ಈ ಕೆಲಸ ಒಬ್ಬ ಡಿಗ್ರಿ ಸ್ಟೂಡೆಂಟ್ ಒಂದು ಸೆಮಿಸ್ಟರ್ ಪ್ರಾಜೆಕ್ಟಾಗಿ ಆರಾಮಾಗಿ ಮಾಡ್ತಾರೆ. ಸೀಕ್ವೆನ್ಸ್ ಡೇಟಾ ಎಲ್ಲ ಜೆನ್‌ಬ್ಯಾಂಕ್ ಅನ್ನೋ ಸಾರ್ವಜನಿಕ ಡೇಟಾಬೇಸ್‌ಗೆ, ನೋಟ್‌ಬುಕ್ ಸ್ಕ್ಯಾನ್ ಡಿಪಾರ್ಟ್‌ಮೆಂಟ್ ಲೈಬ್ರರಿಗೆ, ಸ್ಟ್ರೈನ್ ಪಟ್ಟಿಯ ಒಂದು ಕಾಪಿ ಲ್ಯಾಬಲ್ಲಿ ಓದಿದ ಎಲ್ಲ ಹಳೇ ಸ್ಟೂಡೆಂಟ್ಸ್‌ಗೆ ಕಳಿಸಿ, ಯಾರಿಗೆ ಯಾವುದು ಬೇಕು ಅಂತ ಕೇಳಿ. ಮೂರನೇ ಗುಂಪನ್ನ ಆಟೋಕ್ಲೇವ್ ಮಾಡಿ, ಫ್ರೀಜರ್ ಖಾಲಿ ಮಾಡಿ ಸ್ವಚ್ಛ ಮಾಡಿ, ಪಕ್ಕದ ರೂಮಿಗೆ ಹೊಸದಾಗಿ ಸೇರಿರೋ ಪ್ರೊಫೆಸರ್‌ಗೆ ಬೀಗದ ಕೀ ಕೊಡಿ.